ಖೈರುನ್ ಮೇಡಂ ಓದಿದ ಡ್ರೈವರ್

ತಪ್ಪು ಸಿಕ್ಕಿತೆಂದರೆ ಖೈರುನ್ ಮೇಡಂ ಕುರ್ಚಿಯಿಂದ ಎದ್ದೇಬಿಡುತ್ತಿದ್ದರು. ಬೇರೆಯವರು ತಪ್ಪು ಕಂಡರೆ ಹುಬ್ಬು ಗಂಟಿಕ್ಕುತ್ತಾರೆ. ಇವರ ಮುಖ ಅರಳುತ್ತಿತ್ತು. ಚಟ್ಟನೆ ಒಂದು ಚಪ್ಪಾಳೆ ತಟ್ಟಿ, "ಸಿಕ್ತ ನೋಡ್ರಿ! ಎಲ್ಲಿ ಅಡಗಿ ಕುಂತಿತ್ತು ನೋಡ್ರಿ ಕಳ್ಳ!" ಎನ್ನುತ್ತಿದ್ದರು. ತಪ್ಪು ಯಾರದು ಎಂಬುದು ಅವರಿಗೆ ಮುಖ್ಯವೇ ಅಲ್ಲ. ತಮ್ಮದೇ ಆದರೂ ಅಷ್ಟೇ ಸಂಭ್ರಮ. ಮುದ್ದೇಬಿಹಾಳದ ನಮ್ಮ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಕಡೆಯಿಂದ ಆ ಚಪ್ಪಾಳೆ ಕೇಳಿದರೆ, ವರಾಂಡದಲ್ಲಿ ಹೋಗುತ್ತಿದ್ದವರು "ಮೇಡಂಗ ಮತ್ತೊಂದು ಸಿಕ್ತು" ಎಂದು ನಕ್ಕು ಮುಂದೆ ಹೋಗುತ್ತಿದ್ದರು.

ಅವರು ಆ ಲ್ಯಾಬಿನ ಇನ್‌ಸ್ಟ್ರಕ್ಟರ್. ಓದಿದ್ದು ಡಿಪ್ಲೊಮಾ. ಅವರ ತಂದೆ ಸಿಂದಗಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದರಂತೆ. ಅಕ್ಷರಕ್ಕಿಂತ ಮೊದಲು ಬೆಸುಗೆ ಹಾಕುವುದನ್ನು ಕಲಿತೆ ಎಂದು ಮೇಡಂ ಹೇಳುತ್ತಿದ್ದರು. ತಲೆಯ ಮೇಲೆ ಸೆರಗು, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ, ಕೈಚೀಲದಲ್ಲಿ ಊಟದ ಡಬ್ಬಿಯ ಪಕ್ಕ ಒಂದು ಹಳದಿ ಮಲ್ಟಿಮೀಟರ್. ಹೊಸ ಸಾಮಾನು ಲ್ಯಾಬಿಗೆ ಬಂದರೆ ನಾವೆಲ್ಲ ಅದು ಏನೇನು ಮಾಡುತ್ತದೆ ಎಂದು ಕೇಳುತ್ತಿದ್ದೆವು. ಮೇಡಂ ಮಾತ್ರ, "ಇದಕ್ಕ ಸಿಟ್ಟು ಬಂದ್ರ ಏನ್ ಮಾಡ್ತೈತಿ?" ಎಂದು ಕೇಳುತ್ತಿದ್ದರು. ತಂತಿ ಉಲ್ಟಾ ಹಚ್ಚಿದರೆ, ಬಿಸಿಲಿಗಿಟ್ಟರೆ, ನಡುವೆ ಕರೆಂಟು ಹೋದರೆ ಅದು ಹೇಗೆ ವರ್ತಿಸುತ್ತದೆ ಎಂಬುದಷ್ಟೇ ಅವರಿಗೆ ಬೇಕಿತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಆಲಮೇಲದವನು, ಎಂ.ಟೆಕ್. ಮುಗಿಸಿ ಆ ಕಾಲೇಜಿನ ಕಂಪ್ಯೂಟರ್ ವಿಭಾಗಕ್ಕೆ ಹೊಸದಾಗಿ ಸೇರಿದ್ದೆ. ಝಳಕಿ ಹತ್ತಿರದ ಒಂದು ಹಳ್ಳಿಯ ಚಿಕ್ಕ ಆಸ್ಪತ್ರೆಯಲ್ಲಿ ಮಕ್ಕಳ ಲಸಿಕೆ ಇಡುವ ಫ್ರಿಜ್ ಇತ್ತು. ಕರೆಂಟು ಹೋದಾಗ ಅದು ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಒಮ್ಮೆ ಬ್ಯಾಟರಿ ಖಾಲಿಯಾದದ್ದು ಯಾರ ಗಮನಕ್ಕೂ ಬಾರದೆ, ಇದ್ದ ಲಸಿಕೆಯನ್ನೆಲ್ಲ ಚೆಲ್ಲಬೇಕಾಗಿ ಬಂದಿತ್ತು. ಬ್ಯಾಟರಿ ಇಳಿಯುತ್ತಿದ್ದಂತೆ ಗಂಟೆ ಬಾರಿಸುವ ಒಂದು ಸಾಧನ ಮಾಡಿಕೊಡಿ ಎಂದು ಅಲ್ಲಿಯ ಡಾಕ್ಟರು ನಮ್ಮ ಪ್ರಿನ್ಸಿಪಾಲರನ್ನು ಕೇಳಿದ್ದರು. ಆ ಕೆಲಸ ನನ್ನ ಪಾಲಿಗೆ ಬಂತು.

ನಾನು ಹಿಗ್ಗಿ ಹೋದೆ. ಅಂಗೈಯಗಲದ ಒಂದು ಲಿನಕ್ಸ್ ಕಂಪ್ಯೂಟರು, ಅದಕ್ಕೊಂದು ಚಿಪ್. ಉಗುರಿಗಿಂತ ಚಿಕ್ಕದಾದ ಆ ಚಿಪ್ ಬ್ಯಾಟರಿಯ ತಂತಿಯಲ್ಲಿ ಎಷ್ಟು ವಿದ್ಯುತ್ತು ಹರಿಯುತ್ತಿದೆ ಎಂದು ಅಳೆಯುತ್ತದೆ. ಆದರೆ ಅದರ ಮಾತು ಕಂಪ್ಯೂಟರಿಗೆ ತಿಳಿಯಬೇಕಲ್ಲ. ಕಂಪ್ಯೂಟರಿನ ಒಳತಿರುಳಾದ ಕರ್ನಲ್‌ಗೂ ಚಿಪ್‌ಗೂ ನಡುವೆ ನಿಂತು ಮಾತು ದಾಟಿಸುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಆ ಚಿಪ್‌ಗೆ ಆಗ ಡ್ರೈವರ್ ಇರಲಿಲ್ಲ. ನಾನೇ ಬರೆದೆ. ಮೂರು ವಾರ ಅನ್ನ ನೀರಿನ ಪರಿವೆಯಿರಲಿಲ್ಲ. ಪರದೆಯ ಮೇಲೆ ಮೊದಲ ಅಂಕಿ ಮೂಡಿದಾಗ ನನಗೆ ಕುಣಿಯುವಂತಾಗಿತ್ತು. ಅದೇ ವಾರ ಝಳಕಿಗೆ ಹೋಗಿ ಸಾಧನ ಕೂರಿಸಿ ಬಂದೆ.

ಬಂದ ಮೇಲೆ ಪ್ರಿನ್ಸಿಪಾಲರು ಕಡತ ನೋಡಿ, "ಇನ್ನೊಬ್ಬರು ಪರಿಶೀಲಿಸ್ಯಾರ ಅಂತ ಸಹಿ ಬೇಕ್ರಿ. ಖೈರುನ್ ಮೇಡಂಗ ತೋರಿಸ್ರಿ" ಎಂದರು. ಹತ್ತು ನಿಮಿಷದ ಕೆಲಸ ಎಂದುಕೊಂಡು ಹದಿನೆಂಟು ಹಾಳೆಯ ಪ್ರಿಂಟು ಹಿಡಿದು ಲ್ಯಾಬಿಗೆ ಹೋದೆ. ಮೇಡಂ ಸಹಿಯ ಜಾಗ ನೋಡಲೇ ಇಲ್ಲ. ನನ್ನ ಬಳಿ ಉಳಿದಿದ್ದ ಇನ್ನೊಂದು ಚಿಪ್, ಬೋರ್ಡು ಎಲ್ಲ ತರಿಸಿ ಮೇಜಿನ ಮೇಲೆ ಜೋಡಿಸಿಕೊಂಡರು.

"ನನಗ ಈ ಪ್ರೋಗ್ರಾಮಿನ ಸಿ ಭಾಷಾ ಅಷ್ಟಕ್ಕಷ್ಟ. ನೀವು ಒಂದೊಂದ ಸಾಲು ಓದಿ ಅರ್ಥ ಹೇಳ್ರಿ. ನಾ ಕೇಳ್ತೇನಿ."

ಓದತೊಡಗಿದೆ. ಚಿಪ್ ಅಂಕಿಯ ಮುಂದಿನ ಅರ್ಧವನ್ನು ಮೊದಲು ಕಳಿಸುತ್ತದೆ, ಕಂಪ್ಯೂಟರು ಹಿಂದಿನ ಅರ್ಧ ಮೊದಲು ಬಂತೆಂದು ತಿಳಿಯುತ್ತದೆ. ಎರಡನ್ನೂ ಅದಲುಬದಲು ಮಾಡಿದ್ದೆ. ಆ ಸಾಲಿಗೆ ಮೇಡಂ, "ವಾರೆವ್ವಾ, ಇದು ಖರೇ ಶಾಣ್ಯಾತನ" ಎಂದರು. ನಾನು ಉಬ್ಬಿದೆ. ಆರನೇ ಹಾಳೆಗೆ ಬಂದಾಗ ಕೈ ಎತ್ತಿ ನಿಲ್ಲಿಸಿದರು.

"ಚಿಪ್ ಉತ್ತರಾನ ಕೊಡ್ಲಿಲ್ಲ ಅಂದ್ರ?"

"ಕೊಡ್ತೈತ್ರಿ ಮೇಡಂ. ಬೆಸುಗಿ ಗಟ್ಟಿ ಹಾಕೇನಿ."

ಅವರು ಚಿಪ್‌ನ ತಂತಿಯನ್ನು ಕಿತ್ತುಬಿಟ್ಟರು. ಪರದೆಯ ಮೇಲಿನ ಅಂಕಿ ಅಲುಗಲಿಲ್ಲ. ಉತ್ತರ ಬಾರದಿದ್ದರೆ ನನ್ನ ಡ್ರೈವರ್ ಹಳೆಯ ಅಂಕಿಯನ್ನೇ ತೋರಿಸುತ್ತಿತ್ತು. ತಂತಿ ಮೇಡಂ ಕೈಯಲ್ಲಿ ಜೋತಾಡುತ್ತಿದೆ, ಬ್ಯಾಟರಿ ಕ್ಷೇಮ ಎಂದು ಪರದೆ ಹೇಳುತ್ತಿದೆ. ಚಪ್ಪಾಳೆ ಬಿತ್ತು. ಬಾಗಿಲಲ್ಲಿ ಯಾರೋ ನಕ್ಕರು. ನನ್ನ ಕಿವಿ ಬಿಸಿಯಾದವು.

"ಮೇಡಂ, ಇದು ಕರ್ನಲ್ ಡ್ರೈವರ್. ನಿಮ್ಮ ಅಪ್ಪಾರ ಕಾಲದ ರೇಡಿಯೊ ಅಲ್ಲ" ಎಂದುಬಿಟ್ಟೆ.

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

"ಅಲ್ಲ ಬಿಡ್ರಿ," ಎಂದರು. "ರೇಡಿಯೊ ಕೆಟ್ರ ಹಾಡು ನಿಲ್ತೈತಿ. ಇದು ಕೆಟ್ರೂ ಹಾಡಾಕತ್ತೈತಿ. ಹೂಂ, ಮುಂದಿನ ಸಾಲು."

ಅಂದು ನಾನು ಮುಂದೆ ಓದಲಿಲ್ಲ. ಕ್ಲಾಸಿದೆ ಎಂದು ಸುಳ್ಳು ಹೇಳಿ ಎದ್ದು ಹೋದೆ. ಮನೆಗೆ ಹೋದ ಮೇಲೂ ಸಿಟ್ಟು ಇಳಿಯಲಿಲ್ಲ. ಆದರೂ ಆ ಒಂದು ತಪ್ಪು ತಿದ್ದಿಕೊಂಡು ಮರುದಿನ ಹತ್ತು ಗಂಟೆಗೆ ಮತ್ತೆ ಅವರೆದುರು ಕೂತೆ. ಮೇಡಂ ಹಿಂದಿನ ದಿನದ ಮಾತು ಎತ್ತಲಿಲ್ಲ. ಹನ್ನೊಂದನೇ ಹಾಳೆಯಲ್ಲಿ, ಚಿಪ್ ಕೊಟ್ಟ ಅಂಕಿಯನ್ನು ಕಂಪ್ಯೂಟರಿನ ನೆನಪಿನ ಒಂದು ಡಬ್ಬಿಯಲ್ಲಿ ಇಟ್ಟುಕೊಳ್ಳುವ ಸಾಲು ಬಂತು.

"ಈ ಅನ್‌ಸೈನ್ಡ್ ಅಂದ್ರ ಏನ್ರಿ?"

"ಪ್ಲಸ್ಸು ಮೈನಸ್ಸು ಇಲ್ಲದ ಅಂಕಿ. ಸೊನ್ನಿಯಿಂದ ಮ್ಯಾಲಿಂದು ಅಷ್ಟ."

ಮೇಡಂ ಬೆರಳನ್ನು ಆ ಸಾಲಿನ ಮೇಲೆಯೇ ಇಟ್ಟುಕೊಂಡರು. "ಬ್ಯಾಟರಿ ತುಂಬೂ ಮುಂದ ಕರೆಂಟ್ ಒಳಗ ಹೋಗ್ತೈತಿ. ಖಾಲಿ ಆಗೂ ಮುಂದ?"

"ಹೊರಗ ಬರ್ತೈತಿ. ಆಗ ಚಿಪ್ ಮೈನಸ್…"

ಮೈನಸ್ ಹಿಡಿಯಲಾಗದ ಡಬ್ಬಿಗೆ ಮೈನಸ್ ಅಂಕಿ ಹಾಕಿದರೆ ಅದು ಬಹುದೊಡ್ಡ ಪ್ಲಸ್ ಅಂಕಿಯಾಗುತ್ತದೆ. ಅಂದರೆ ಬ್ಯಾಟರಿ ಬರಿದಾಗುತ್ತಿರುವಾಗ ನನ್ನ ಡ್ರೈವರ್ ಅದು ಭರ್ಜರಿಯಾಗಿ ತುಂಬುತ್ತಿದೆ ಎನ್ನುತ್ತಿತ್ತು. ಗಂಟೆ ಬಾರಿಸುವ ಪ್ರೋಗ್ರಾಮು ಆ ಅಂಕಿಯನ್ನೇ ನಂಬಿತ್ತು. ಕಾಲೇಜಿನಲ್ಲಿ ಜನರೇಟರ್ ಇದ್ದುದರಿಂದ ನಾನು ಬ್ಯಾಟರಿ ತುಂಬುವುದನ್ನಷ್ಟೇ ಪರೀಕ್ಷಿಸಿದ್ದೆ. ದಿನಕ್ಕೆ ಹತ್ತು ಸಲ ಕರೆಂಟು ಹೋಗುವ ಊರಿನಲ್ಲಿ ಕುಳಿತು, ಕರೆಂಟು ಹೋದರೆ ಏನಾಗುತ್ತದೆ ಎಂದು ನೋಡಿರಲಿಲ್ಲ.

ಮೇಡಂ ಎದ್ದು ನಿಂತರು, ಆದರೆ ಚಪ್ಪಾಳೆ ತಟ್ಟಲಿಲ್ಲ. "ಅಲ್ಲಿ ಹಚ್ಚಿ ಬಂದೀರೇನು?" ಎಂದರು. ತಲೆಯಾಡಿಸಿದೆ. ಇಬ್ಬರೂ ಆಫೀಸಿನ ಫೋನಿನತ್ತ ಓಡಿದೆವು.

ಆಸ್ಪತ್ರೆಯ ಔಷಧ ವಿತರಕ ಶಿವಪುತ್ರಪ್ಪ ಫೋನೆತ್ತಿದರು. "ಮುಂಜಾನಿಂದ ಕರೆಂಟ್ ಇಲ್ರಿ ಸರ್. ಆದ್ರ ನಿಮ್ಮ ಮಶೀನ್ ಬ್ಯಾಟರಿ ಫುಲ್ ತುಂಬಾಕತ್ತೈತಿ ಅಂತೈತಿ. ಭಾಳ ಚಲೋ ಮಶೀನ್ ರಿ! ನಾ ಈಗ ಮೀಟರ್ ಹಿಡದು ನೋಡೂದ ಬಿಟ್ಟೇನಿ."

ಮೇಡಂ ಫೋನು ಕಸಿದುಕೊಂಡರು. "ಶಿವಪುತ್ರಪ್ಪಾರ, ಆ ಪರದಿ ನಂಬಬ್ಯಾಡ್ರಿ. ಈಗಿಂದೀಗ ಲಸಿಕಿ ಎಲ್ಲಾ ಐಸಿನ ಪೆಟ್ಟಿಗಿಗೆ ಹಾಕ್ರಿ. ನಾವು ಬರಾಕತ್ತೇವಿ."

ಐದು ನಿಮಿಷದಲ್ಲಿ ಆ ಸಾಲು ತಿದ್ದಿದೆ. ಪೆನ್‌ಡ್ರೈವ್ ಕಿಸೆಗೆ ಹಾಕಿಕೊಂಡು ಬಸ್ಸು ಹಿಡಿದೆವು. ಬಾಗೇವಾಡಿಯಲ್ಲಿ ಒಂದು ಬಸ್ಸು ಬದಲಿಸಿ, ಬಿಜಾಪುರದಲ್ಲಿ ಇನ್ನೊಂದು. ದಾರಿಯುದ್ದಕ್ಕೂ ಮೇಡಂ ಉಳಿದ ಏಳು ಹಾಳೆಗಳನ್ನು ನನ್ನಿಂದ ಓದಿಸಿದರು. ಮುಂದಿನ ಸೀಟಿನ ಹೆಣ್ಣುಮಗಳೊಬ್ಬಳು ತಿರುಗಿ, "ಏನ್ ಪರೀಕ್ಷಾ ಐತೇನ್ರಿ?" ಎಂದಳು. "ಹೌದವ್ವಾ, ಇವರದು" ಎಂದು ಮೇಡಂ ನನ್ನನ್ನು ತೋರಿಸಿದರು. ಹದಿನಾಲ್ಕನೇ ಹಾಳೆಯಲ್ಲಿ ಇನ್ನೊಂದು ತಪ್ಪು ಸಿಕ್ಕಿತು. ಸಣ್ಣದು, ಆದರೆ ಈ ಸಲ ಹುಡುಕಿದವನು ನಾನು! ಓದುತ್ತ ಓದುತ್ತ ಥಟ್ಟನೆ ಹೊಳೆದು, ಬಸ್ಸಿನಲ್ಲೇ "ಸಿಕ್ತು!" ಎಂದು ಕೂಗಿಬಿಟ್ಟೆ. ಕಂಡಕ್ಟರು ಏನೋ ಕಳೆದದ್ದು ಸಿಕ್ಕಿತೆಂದು ತಿಳಿದು, "ಸಿಕ್ತಲ್ರಿ, ಬಿಡ್ರಿ" ಎಂದ. ಮೇಡಂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ನಾವು ತಲುಪಿದಾಗ ಸಂಜೆ ನಾಲ್ಕಾಗಿತ್ತು, ಕರೆಂಟು ಬಂದಿತ್ತು. ಶಿವಪುತ್ರಪ್ಪ ಲಸಿಕೆಯ ಪೆಟ್ಟಿಗೆಯ ಪಕ್ಕ ಕಾವಲು ಕೂತಂತೆ ಕೂತಿದ್ದರು. ನಾವು ಫೋನು ಮಾಡಿದ ಒಂದು ತಾಸಿಗೆಲ್ಲ ಫ್ರಿಜ್ ನಿಂತುಹೋಗಿತ್ತಂತೆ. ಒಳಗಿದ್ದ ಮರ್ಕ್ಯುರಿ ಥರ್ಮಾಮೀಟರ್ ಏರಿದ್ದನ್ನು ಅವರೇ ತೋರಿಸಿದರು. ಲಸಿಕೆ ಒಂದೂ ಕೆಟ್ಟಿರಲಿಲ್ಲ.

ಹೊಸ ಡ್ರೈವರ್ ಹಾಕಿದೆ. ನರ್ಸ್ ಬಾಯಿ, ಡಾಕ್ಟರು, ಮಗುವನ್ನೆತ್ತಿಕೊಂಡು ಬಂದಿದ್ದ ತಾಯಿಯೊಬ್ಬಳು, ಎಲ್ಲರೂ ಪರದೆಯ ಸುತ್ತ ನಿಂತರು. ಮೇಡಂ ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟು ನನ್ನ ಮುಖ ನೋಡಿದರು. "ತೆಗೀಲೇನು?" "ತೆಗೀರಿ." ಟಕ್ ಎಂದಿತು. ಫ್ಯಾನು ನಿಧಾನವಾಯಿತು. ಅಂಕಿ ಒಮ್ಮೆ ಮಿನುಗಿ ಮಾಯವಾಗಿ, ಮತ್ತೆ ಮೂಡಿತು. ಅದರ ಮುಂದೆ ಒಂದು ಪುಟ್ಟ ಅಡ್ಡಗೆರೆ.

"ಮೈನಸ್ ಬಂತು!" ಎಂದು ಮೇಡಂ ಕೂಗಿದರು. ಕೈಚೀಲದಿಂದ ಮಲ್ಟಿಮೀಟರ್ ತೆಗೆದು ಹಿಡಿದರು. ಅಲ್ಲೂ ಅದೇ ಅಂಕಿ. ಆಗ ಬಿತ್ತು ನೋಡಿ ಚಪ್ಪಾಳೆ! ಏನಾಯಿತೆಂದು ಪೂರ್ತಿ ತಿಳಿಯದಿದ್ದರೂ ನರ್ಸ್ ಬಾಯಿಯೂ ತಟ್ಟಿದರು, ಡಾಕ್ಟರೂ ತಟ್ಟಿದರು. ಮೇಡಂ ಚಿಪ್‌ನ ತಂತಿಯನ್ನೂ ಕಿತ್ತರು. ಈ ಸಲ ಗಂಟೆ ಹೊಡೆದುಕೊಂಡಿತು, ಮಗು ಬೆಚ್ಚಿ ಅತ್ತಿತು. "ಅಳು ಪುಟ್ಟಾ ಅಳು, ನಿನ್ನ ಸಲುವಾಗೇ ಹೊಡಕೊಳ್ಳಾಕತ್ತೈತಿ" ಎಂದು ಮೇಡಂ ಅದರ ಗಲ್ಲ ಸವರಿದರು. ಆ ಒಂದು ಗೆರೆಯನ್ನು ನೋಡಿದಷ್ಟು ಸಂತೋಷದಿಂದ ನಾನು ನನ್ನ ಪದವಿಪತ್ರವನ್ನೂ ನೋಡಿರಲಿಲ್ಲ.

ಝಳಕಿಯ ಹೆದ್ದಾರಿ ಪಕ್ಕದ ಚಹಾದಂಗಡಿಯಲ್ಲಿ ಬಸ್ಸಿಗೆ ಕಾಯುವಾಗ, "ನಿನ್ನಿ ನಾ ಹಂಗ ಅನ್ನಬಾರದಿತ್ರಿ" ಎಂದೆ.

"ಸಿಟ್ಟು ಬಂತಲ್ಲ, ಅದಕ್ಕ ನಾ ಮುಂದ ಓದಿಸಿದೆ," ಎಂದರು ಮೇಡಂ. "ಸಿಟ್ಟು ಬರಲಾರದವ ಮನಸಿಟ್ಟು ಬರೆದಿರಂಗಿಲ್ಲ. ಅಂಥವಂದು ನಾ ಓದೂದೂ ಇಲ್ಲ."

ಕಡತಕ್ಕೆ ಸಹಿ ಬಿದ್ದದ್ದು ಇನ್ನೂ ಮೂರು ದಿನ, ಇನ್ನೂ ಐದು ಪ್ರಶ್ನೆಗಳ ನಂತರ.

ಅದಾಗಿ ಒಂದೂವರೆ ವರ್ಷಕ್ಕೆ ಅವರು ನಿವೃತ್ತರಾಗಿ, ಸಿಂದಗಿಯಲ್ಲಿದ್ದ ತಮ್ಮನಾದ ಸಲೀಮರ ಮನೆಗೆ ಹೋದರು. ಆಲಮೇಲಕ್ಕೆ ಹೋಗುವಾಗ ನಾನೊಮ್ಮೆ ಇಳಿದು ಭೇಟಿಯಾದೆ. ಸೊರಗಿದ್ದರು, ಕಾಲು ಬಾತಿತ್ತು. ಆದರೆ ನಾನು ಕೂರುವ ಮೊದಲೇ ಒಳಗಿನಿಂದ ಒಂದು ಕಟ್ಟು ಹಾಳೆ ತಂದು ನನ್ನ ತೊಡೆಯ ಮೇಲಿಟ್ಟರು. ಅಂಥದ್ದೇ ಇನ್ನೊಂದು ಚಿಪ್‌ಗೆ ಬರೆದ ಡ್ರೈವರ್. ಮನೆಯಲ್ಲಿ ಕೂತು ಸಿ ಭಾಷೆ ಪೂರ್ತಿ ಕಲಿತು, ದುಂಡನೆಯ ಅಕ್ಷರದಲ್ಲಿ ಕೈಯಿಂದಲೇ ಬರೆದಿದ್ದರು.

"ಈಗ ನಂದು ನೀವು ನೋಡ್ರಿ. ಲಿಹಾಜ್, ದಾಕ್ಷಿಣ್ಯ ಏನೂ ಮಾಡಬ್ಯಾಡ್ರಿ."

ಮಧ್ಯಾಹ್ನವೆಲ್ಲ ಓದಿದೆ. ಚೆನ್ನಾಗಿತ್ತು. ಒಂದೇ ಕಡೆ ಎಡವಿದ್ದರು: ಮೊದಲು ಭಾಗಿಸಿ ಆಮೇಲೆ ಗುಣಿಸಿದ್ದರು, ಕರ್ನಲ್ಲಿನ ಲೆಕ್ಕದಲ್ಲಿ ದಶಾಂಶ ಉಳಿಯುವುದಿಲ್ಲ, ಹೀಗಾಗಿ ಸಣ್ಣ ಅಂಕಿಗಳು ದಾರಿಯಲ್ಲೇ ಸೊನ್ನೆಯಾಗುತ್ತಿದ್ದವು. ಹೇಳಲೋ ಬೇಡವೋ ಎಂದು ಹಿಂದೆಮುಂದೆ ನೋಡಿ, ಕೊನೆಗೆ ಹೇಳಿದೆ. "ಮೊದಲು ಗುಣಿಸ್ರಿ ಮೇಡಂ." ಅವರ ಮುಖ ಒಂದು ಕ್ಷಣ ಇಳಿದುಹೋಯಿತು. ಹಾಗಾದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಹಾಳೆ ಇಸಿದುಕೊಂಡು ಬಹಳ ಹೊತ್ತು ನೋಡಿ, "ಎಂಟು ದಿನ ಕೊಡ್ರಿ" ಎಂದರು.

ಆರನೇ ವಾರಕ್ಕೆ ಸಲೀಮರ ಫೋನು ಬಂತು. ಮೇಡಂ ತೀರಿಹೋಗಿದ್ದರು. ಮಣ್ಣಿಗೆ ನಾನು ತಲುಪಲಾಗಲಿಲ್ಲ. ನಾಲ್ಕು ದಿನದ ಮೇಲೆ ಸಿಂದಗಿಗೆ ಹೋದಾಗ ಸಲೀಮರು, "ಅಕ್ಕ ನಿಮಗ ಕೊಡು ಅಂದಿದ್ಲು" ಎಂದು ಆ ಕಟ್ಟನ್ನು ಕೈಗಿತ್ತರು. ಕಟ್ಟೆಯ ಮೇಲೆ ಕೂತು ಆ ಹಾಳೆ ಹುಡುಕಿದೆ. ನಾನು ಹೇಳಿದ ಸಾಲನ್ನು ತಿದ್ದಿದ್ದರು. ಅದರ ಕೆಳಗೆ, ಸ್ವಲ್ಪ ನಡುಗಿದ ಅಕ್ಷರದಲ್ಲಿ ಬರೆದಿದ್ದರು:

"ನೀವು ಹೇಳಿದಂಗ ಮೊದಲು ಗುಣಿಸಿದೆ. ಸಣ್ಣ ಅಂಕಿ ಉಳದವು. ಆದ್ರ ದೊಡ್ಡ ಅಂಕಿ ಬಂದ್ರ ಡಬ್ಬಿ ತುಂಬಿ ಚೆಲ್ತೈತಿ. ದೊಡ್ಡ ಡಬ್ಬಿ ಹಾಕೇನಿ. ಇದು ನಿಮಗ ಕಾಣ್ಲಿಲ್ಲ ಅಲ್ಲ?"

ನಿಜ, ಕಂಡಿರಲಿಲ್ಲ. ನಾನು ಹೇಳಿದ ತಿದ್ದುಪಡಿಯಲ್ಲೇ ಕಳ್ಳ ಅಡಗಿ ಕೂತಿದ್ದ. ಎರಡನೇ ಸಲ ಓದಿದೆ. ನನಗೆ ತಡೆಯಲಾರದಷ್ಟು ನಗು ಬಂತು. ಸಾವಿನ ಮನೆಯ ಕಟ್ಟೆಯ ಮೇಲೆ ಕೂತು ನಾನು ಜೋರಾಗಿ ನಗುತ್ತಿದ್ದೆ. ಸಲೀಮರು ಗಾಬರಿಯಿಂದ ಹೊರಗೆ ಬಂದು, "ಏನಾತ್ರಿ ಸರ್?" ಎಂದರು. ಹಾಳೆಯನ್ನು ಅವರ ಮುಂದೆ ಹಿಡಿದು ಆ ಸಾಲನ್ನು ತೋರಿಸಿ, ಮೊದಲಿನಿಂದ ವಿವರಿಸತೊಡಗಿದೆ.