ಟೋಕನ್ ಕಿಟಕಿಯಲ್ಲಿ ತಂಗಿ

ರೋಣದ ಒಂದು ಖಾಸಗಿ ದವಾಖಾನೆಯಲ್ಲಿ ನಾನು ಗುಮಾಸ್ತಳು. ಅಲ್ಲೇ ನನ್ನ ತಂಗಿಗೂ ಕೆಲಸ ಕೊಡಿಸಿದೆ. ಅವಳು ಪಿಯುಸಿ ಮುಗಿಸಿ ಗಜೇಂದ್ರಗಡದ ಮನೆಯಲ್ಲಿದ್ದಳು. ಅಪ್ಪ ಮಗ್ಗದಲ್ಲಿ ಸೀರೆ ನೇಯುತ್ತಿದ್ದರೆ, ಬಾಗಿಲಲ್ಲಿ ನಿಂತೇ "ಅಪ್ಪಾ, ಅಂಚಿನಾಗ ಎಳಿ ಹರದೈತಿ ನೋಡು" ಎನ್ನುವಷ್ಟು ಅವಳ ಕಣ್ಣು ಚುರುಕು. ಆದರೆ ಅಂಕಿಗಳೆಂದರೆ ಆಗದು. ನಲವತ್ತೇಳು ಎಂದರೆ ಎಪ್ಪತ್ತನಾಲ್ಕು ಬರೆಯುವಳು. ಬರೆದದ್ದನ್ನೇ ದಿಟ್ಟಿಸುತ್ತ ಬೆವರುವಳು.

ಟೋಕನ್ ಕೊಡುವ ಕೆಲಸ ಎಂದಾಗ ಅವಳು ಹಿಂಜರಿದಳು. "ಅಕ್ಕಾ, ನಂಬರ್ ಬರಿಯೂದು ಬ್ಯಾಡ. ಬ್ಯಾರೆ ಏನರ ಇದ್ರ ಕೇಳು."

"ರೂಢಿ ಆಕ್ಕೈತಿ, ಬಾ" ಎಂದೆ. ಬೇರೆ ಏನಿದೆ ಎಂದು ನಾನು ಯಾರನ್ನೂ ಕೇಳಲಿಲ್ಲ. ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂರುವ ಕೆಲಸ, ಇನ್ನೇನು ಬೇಕು ಎನ್ನಿಸಿತ್ತು.

ಒಂದು ಸೋಮವಾರ ಭಾರಿ ಗದ್ದಲ. ನೋಡಿದರೆ ಕಿಟಕಿಯಲ್ಲಿ ತಂಗಿಯೇ ಇಲ್ಲ. ಟೋಕನ್‌ಗಳು ಚೆಲ್ಲಾಪಿಲ್ಲಿಯಾಗಿ, ಸಾಲಿನಲ್ಲಿದ್ದವರು ನನ್ನದು ಮೊದಲು, ನನ್ನದು ಮೊದಲು ಎಂದು ಜಗಳಕ್ಕೆ ನಿಂತಿದ್ದರು. ಅಷ್ಟರಲ್ಲಿ ಅವಳು ಒಳಗಿನಿಂದ ಓಡಿಬಂದಳು. ಎಲ್ಲರೆದುರೇ ನಾನು ಕೂಗಿಬಿಟ್ಟೆ: "ಎಣಿಸಾಕಂತೂ ಬರಂಗಿಲ್ಲ, ಕುಂತ ಜಾಗಾದಾಗ ಕುಂದ್ರಾಕೂ ಬರಂಗಿಲ್ಲೇನು? ನಿನ್ನ ಸಲುವಾಗಿ ನನ್ನ ಮಾನ ಹೋತು!"

"ಅಕ್ಕಾ, ಸಾಲಿನಾಗ ಜಕ್ಕಲಿ ಊರಿನ ಅಜ್ಜಿ ಒಬ್ಬಾಕಿ ಅದಾಳ, ಆಕಿ ಮಾತು ತೊದಲಾಕತ್ತಿತ್ತು. ಬಾಯಿ ಒಂದ್ ಕಡೆ ವಾಲಿತ್ತು. ಸಿಸ್ಟರ್‌ನ ಕರಿಯಾಕ ಹೋಗಿದ್ನಿ" ಎಂದಳು. ಅವಳ ಹಿಂದೆಯೇ ಹಿರಿಯ ನರ್ಸ್ ಗಾಲಿಕುರ್ಚಿ ತಳ್ಳಿಕೊಂಡು ಬಂದರು. ಅಜ್ಜಿಗೆ ಪಾರ್ಶ್ವವಾಯು ಹೊಡೆದಿತ್ತು. ಕೂಡಲೇ ಗದಗಕ್ಕೆ ಕಳಿಸಿದರು; ಅಜ್ಜಿ ಉಳಿದರು.

ಮಧ್ಯಾಹ್ನ ಡಾಕ್ಟರು ಹೊರಗೆ ಬಂದು, "ಲಗೂ ನೋಡಿದ್ದು ಭಾಳ ಚಲೋ ಆತು. ಯಾರು ನೋಡಿದ್ರಿ?" ಎಂದರು.

"ನಾವ ನೋಡಿದ್ವಿರಿ ಸರ್" ಎಂದೆ.

ಆ 'ನಾವು' ಹೇಗೆ ಬಾಯಿಗೆ ಬಂತೋ ತಿಳಿಯದು. ಮರುದಿನ ತಂಗಿ ಕೆಲಸಕ್ಕೆ ಬರಲಿಲ್ಲ.

ಎರಡು ತಿಂಗಳು ಕೆಲಸವಿಲ್ಲದೆ ಮನೆಯಲ್ಲೇ ಇದ್ದಳು. "ಆಕಿಗೆ ಹಟಾ ಭಾಳ" ಎಂದು ಅಪ್ಪನೆದುರು ದೂರಿದೆನೇ ಹೊರತು ನಡೆದದ್ದನ್ನು ಹೇಳಲಿಲ್ಲ. ಕೊನೆಗೆ ಅವಳಿಗೆ ತಕ್ಕ ಕೆಲಸ ಹುಡುಕಿದ್ದು ನಾನಲ್ಲ, ಆ ಹಿರಿಯ ನರ್ಸ್. ಅವರು ನರಗುಂದದ ಇನ್ನೊಂದು ದವಾಖಾನೆ ಸೇರಿದ್ದರು. ನೇರ ತಂಗಿಗೇ ಫೋನ್ ಮಾಡಿ, "ವಾರ್ಡಿನಾಗ ರೋಗಿಗಳ ಕಡೆ ಲಕ್ಷ್ಯ ಇಡೂ ಮಂದಿ ಬೇಕವ್ವಾ. ಬಿಪಿ, ಜ್ವರ ಬರಕೊಳ್ಳೂದು ನಮಗ ಬಿಡು. ನೀ ಬರೇ ಅವರ ಮಾರಿ ನೋಡಿ, ಏನರ ಫರಕ್ ಕಂಡ್ರ ಹೇಳು" ಎಂದರಂತೆ. ಹೋದಳು. ಮೂರು ವರ್ಷವಾಯಿತು, ಅಲ್ಲೇ ಇದ್ದಾಳೆ.

ಕಳೆದ ತಿಂಗಳು ಧೈರ್ಯ ಮಾಡಿ ನಮ್ಮ ಡಾಕ್ಟರಿಗೆ ನಿಜ ಹೇಳಿದೆ. "ಯಾವ ಅಜ್ಜಿ?" ಎಂದರು. ಅವರಿಗೆ ನೆನಪೇ ಇರಲಿಲ್ಲ.

ಆ ಭಾನುವಾರವೇ ನರಗುಂದಕ್ಕೆ ಹೋದೆ. ತಂಗಿ ಒಬ್ಬ ಮುದುಕರಿಗೆ ಗಂಜಿ ಕುಡಿಸುತ್ತಿದ್ದಳು. ಹೊರಗೆ ಬಂದಾಗ, "ಆವತ್ತು ನೋಡಿದಾಕಿ ನೀನು ಅಂತ ನಾ ಹೇಳಲಿಲ್ಲ. ತಪ್ಪಾತು" ಎಂದೆ.

"ಗೊತ್ತೈತಕ್ಕಾ. ನಾ ನಿನ್ನ ಹಿಂದ ನಿಂತಿದ್ನಿ" ಎಂದಳು. ಸಿಟ್ಟಿರಲಿಲ್ಲ; ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ನಂತರ "ಊಟಾ ಮಾಡೀಯೇನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಡಬ್ಬಿ ತರಲು ಒಳಗೆ ಹೋದಳು.