ಗುರುವಾರದ ಹತ್ತು ನಿಮಿಷ

2010ರ ದಶಕದ ಅಮೆರಿಕದ ಸುದ್ದಿಗಳನ್ನೆಲ್ಲ ನಾನು ನೋಡಿದ್ದು ಸೌದಿಯ ಜಿದ್ದಾದಲ್ಲಿ, ನಮ್ಮ ಕಂಪೆನಿಯ ಊಟದ ಕೋಣೆಯ ಟಿವಿಯಲ್ಲಿ. ಶಾಲೆಗಳಲ್ಲಿ ಗುಂಡಿನ ದಾಳಿ, ಪೊಲೀಸರ ಗುಂಡಿಗೆ ಸತ್ತ ಕರಿಯ ಹುಡುಗರು, ಗಡಿಯಲ್ಲಿ ತಾಯಂದಿರಿಲ್ಲದೆ ಸಿಕ್ಕಿಬಿದ್ದ ಮಕ್ಕಳು. ಛೆ, ಛೆ ಎನ್ನುತ್ತಾ ಚಹಾ ಕುಡಿದು ಎದ್ದು ಹೋಗುತ್ತಿದ್ದೆವು. ಅದಕ್ಕೂ ನಮಗೂ ಎಂತ ಸಂಬಂಧ ಎಂದುಕೊಂಡಿದ್ದ ಮೂರ್ಖ ನಾನು.

ನಾನು ಕಂಪೆನಿಯ ಕಾಗದಪತ್ರದ ಗುಮಾಸ್ತ. ಹೆಂಡತಿ, ಮಗಳು ಊರಲ್ಲಿ. ಕೆಲಸಗಾರರು ದೇಶ ಬಿಟ್ಟು ಹೋಗಿ ಮರಳಲು ಬೇಕಾದ ರಜೆ ವೀಸಾ ನನ್ನ ಕಂಪ್ಯೂಟರಿನಿಂದಲೇ ಹೊರಡಬೇಕು. ಅದಿಲ್ಲದೆ ಯಾರೂ ವಿಮಾನ ಹತ್ತುವಂತಿಲ್ಲ.

ಸುಡಾನಿನ ಹಿರಿಯ ಚಾಲಕರೊಬ್ಬರಿದ್ದರು. ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಅವರ ಒಬ್ಬಳೇ ಮಗಳು ಅಮೆರಿಕದ ಆಸ್ಪತ್ರೆಯಲ್ಲಿ ಕ್ಯಾನ್ಸರಿನಿಂದ ಮಲಗಿದ್ದಳು. ಒಂದು ಗುರುವಾರ ಮಧ್ಯಾಹ್ನ ಅಮೆರಿಕದ ವೀಸಾ ಹಿಡಿದು ನನ್ನ ಮೇಜಿನ ಮುಂದೆ ನಿಂತರು.

"ಮಗನೇ, ಇವತ್ತೇ ಮಾಡಿಕೊಡು. ಸಂಜೆಯ ವಿಮಾನದಲ್ಲಿ ಸೀಟು ಸಿಕ್ಕಿದೆ."

ಹತ್ತು ನಿಮಿಷದ ಕೆಲಸ. ಆದರೆ ನಮ್ಮೂರಿನವರ ಜೊತೆ ನಾನು ಹೋಗಬೇಕಿದ್ದ ಉಮ್ರಾ ಯಾತ್ರೆಯ ಬಸ್ಸು ಮಕ್ಕಾಕ್ಕೆ ಹೊರಡುವ ಹೊತ್ತಾಗಿತ್ತು. "ಸಿಸ್ಟಂ ಡೌನ್ ಇದೆ ಚಾಚಾ. ಭಾನುವಾರ ಮಾಡುವ, ಇನ್ಶಾ ಅಲ್ಲಾಹ್" ಎಂದೆ. ಸುಳ್ಳಿಗೆ ದೇವರ ಹೆಸರನ್ನೂ ಜೋಡಿಸಿದೆ! ಇಲ್ಲಿ ಶುಕ್ರ, ಶನಿ ರಜೆ. ಚಾಚಾ ತಲೆಯಾಡಿಸಿ ಹೋದರು. ಹರಮ್‌ನಲ್ಲಿ ಕಾಬಾದ ಸುತ್ತ ತವಾಫ್ ಮಾಡುವಾಗ ಅವರ ನೆನಪೇ ನನಗಾಗಲಿಲ್ಲ.

ಶುಕ್ರವಾರ ಅಮೆರಿಕದ ಅಧ್ಯಕ್ಷ ಆಜ್ಞೆಗೆ ಸಹಿ ಹಾಕಿದ. ಏಳು ದೇಶಗಳವರಿಗೆ ಪ್ರವೇಶವಿಲ್ಲ. ಸುಡಾನ್ ಅದರಲ್ಲಿತ್ತು. ಮರುದಿನ ಟಿವಿಯಲ್ಲಿ ಅಲ್ಲಿನ ವಿಮಾನ ನಿಲ್ದಾಣಗಳ ಗಲಾಟೆ ನೋಡುತ್ತಾ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

"ಎಂತ ಮಾರಾಯ, ಸಹಿ ಹಾಕಿದ್ದು ನೀನಾ? ಊಟ ಮಾಡು" ಎಂದು ಉಡುಪಿಯ ರೂಮ್‌ಮೇಟ್ ನಕ್ಕ. ನನಗೆ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು.

ಭಾನುವಾರ ಎಲ್ಲರಿಗಿಂತ ಮೊದಲು ಹೋಗಿ ರಜೆ ವೀಸಾ ಮಾಡಿಟ್ಟೆ. ಒಂದೊಂದು ಟ್ರಾವೆಲ್ಸ್‌ಗೂ ಓಡಿದೆ, ಕಂಡಕಂಡವರ ಕಾಲು ಹಿಡಿದೆ. ಯಾವ ವಿಮಾನದವರೂ ಚಾಚಾರನ್ನು ಹತ್ತಿಸಿಕೊಳ್ಳಲಿಲ್ಲ. ಬುಧವಾರ ಅವರ ಮಗಳು ತೀರಿಹೋದಳು. ಆಜ್ಞೆಗೆ ಅಲ್ಲಿನ ಕೋರ್ಟು ತಡೆ ಕೊಟ್ಟದ್ದು ಅದಾದ ಮೇಲೆ.

ಆ ಅಧ್ಯಕ್ಷನನ್ನು ಎಲ್ಲರೂ ಬೈದರು. ಎಲ್ಲರಿಗಿಂತ ಜೋರಾಗಿ ಬೈದವನು ನಾನೇ. ಇಷ್ಟು ವರ್ಷವಾದರೂ ಯಾರಾದರೂ ಪಾಸ್‌ಪೋರ್ಟ್ ಹಿಡಿದು ಬಾಗಿಲಲ್ಲಿ ನಿಂತರೆ ಮೊದಲು ಅವರ ಮುಖ ನೋಡುತ್ತೇನೆ.

ಮಗಳು ಹೋದ ಮರುದಿನ, ದೂರದಲ್ಲಿ ತೀರಿಹೋದವರಿಗಾಗಿ ಮಾಡುವ ಜನಾಝಾ ನಮಾಜನ್ನು ಕಂಪೆನಿಯ ಅಂಗಳದಲ್ಲಿ, ಸಂಜೆಯ ಅಸರ್ ನಮಾಜು ಆದ ಮೇಲೆ ಮಾಡಿದೆವು. ನಾನು ಹಿಂದಿನ ಸಾಲಿನಲ್ಲಿ ಸೇರಿಕೊಂಡಿದ್ದೆ. ಚಾಚಾ ತಿರುಗಿ ಹುಡುಕಿ ಕೈ ಹಿಡಿದು ಎಳೆದರು.

"ನೀನು ನನ್ನ ಪಕ್ಕ ನಿಲ್ಲು ಮಗನೇ. ನನಗಾಗಿ ಓಡಾಡಿದವನು ನೀನೊಬ್ಬನೇ."

ನಿಂತೆ. ನಮಾಜು ಮುಗಿದ ಮೇಲೆ, ಊರಲ್ಲಿರುವ ಇವನ ಮಗಳಿಗೆ ದೀರ್ಘಾಯುಷ್ಯ ಕೊಡು ದೇವರೇ ಎಂದು ಅವರು ಕೈಯೆತ್ತಿ ಬೇಡಿದರು. ನಾನು ಆಮೀನ್ ಎಂದೆ.