ಈಶಾನ್ಯದಲ್ಲಿ ಒಂದು ಹಿಕರಿ

ಆ ಗಿಡವನ್ನು ನೆಟ್ಟವಳು ನಾನಲ್ಲ. ಯಾವುದೋ ಅಳಿಲು ನಮ್ಮ ಹಿತ್ತಲ ಮೂಲೆಯಲ್ಲಿ ಅಕ್ರೋಟಿನ ಜಾತಿಯ ಹಿಕರಿ ಕಾಯಿ ಹೂತಿಟ್ಟು ಮರೆತಿತ್ತು. ಮಿಷಿಗನ್ನಿನ ಈ ಬಡಾವಣೆಯಲ್ಲಿ ಈ ನೆಲದ್ದೇ ಆದ ಮರದ ಗಿಡ ಅಂತ ಇದ್ದದ್ದು ಅದೊಂದೇ. ಉಳಿದದ್ದೆಲ್ಲ ನರ್ಸರಿಯಿಂದ ಟ್ರಕ್ಕಿನಲ್ಲಿ ಬಂದ ಅಲಂಕಾರ. ಮೊಲ ಮೇಯದಂತೆ ತಂತಿಬಲೆ ಸುತ್ತಿ ನಾಲ್ಕು ವರ್ಷ ಕಾದೆ. ಮೊಣಕಾಲೆತ್ತರ ಬಂತು. ಬಂದವರೆಲ್ಲ "ಇಷ್ಟೇನಾ?" ಎಂದು ನಕ್ಕರು. ಹಿಕರಿ ಮೊದಲು ಬೇರಿಳಿಸುತ್ತದೆ, ಬೆಳೆಯುವುದು ಆಮೇಲೆ ಎಂದರೆ ಕೇಳುವ ಪುರುಸೊತ್ತು ಯಾರಿಗಿತ್ತು?

ಆ ವಸಂತದಲ್ಲಿ ನನ್ನ ಗಂಡನ ಆಫೀಸಿನಲ್ಲಿ ಲೇಆಫ್ ಮಾತು ಹಬ್ಬಿತು. ಅದೇ ವಾರ ದೂರದ ಡೌನರ್ಸ್ ಗ್ರೋವ್ ಊರಿನಿಂದ ಈ ಕಡೆ ಬಂದಿದ್ದ ಪರಿಚಯದ ಅಂಕಲ್ ಊಟಕ್ಕೆ ಬಂದರು. ರಿಟೈರಾದ ಮೇಲೆ ಬೇರೆ ಕೆಲಸವಿಲ್ಲದೆ ವಾಸ್ತು ಹಿಡಿದ ಮಹಾನುಭಾವರು. ಫೋನಿನಲ್ಲಿ ದಿಕ್ಕು ನೋಡಿ, "ಈಶಾನ್ಯದಲ್ಲಿ ಮರದ ಭಾರ ಇರಬಾರ್ದಮ್ಮ, ಯಜಮಾನನ ಕೆಲಸಕ್ಕೇ ಕುತ್ತು. ನೈರುತ್ಯಕ್ಕೆ ಹಾಕ್ಬಿಡು" ಎಂದರು. ಕಾಯಿ ಬಿಡಲು ನಲವತ್ತು ವರ್ಷ ಬೇಕಾದ ಗಿಡ ಮುಂದಿನ ತಿಂಗಳೇ ಕೆಲಸ ಕಸಿಯುತ್ತದಂತೆ!

ನನ್ನ ಗಂಡ ಕಾರಿನ ಬ್ರೇಕ್ ಪರೀಕ್ಷಿಸುವ ಎಂಜಿನಿಯರು. ಮೂರು ಸಲ ಟೆಸ್ಟ್ ಮಾಡದೆ ಏನನ್ನೂ ನಂಬದವರು. ಅವರೂ "ಹಾಕ್ಬಿಡು, ಹೋಗೋದೇನು?" ಅಂದರು.

ಅಗೆದೆ. ಎರಡಡಿ ಹೋದರೂ ತಾಯಿಬೇರು ಮುಗಿಯಲಿಲ್ಲ. ಕೊನೆಗೆ ಗುದ್ದಲಿಯಿಂದ ಕಡಿದೇ ಎತ್ತಿದೆ. ನೈರುತ್ಯದಲ್ಲಿ ಅದು ಎರಡೇ ವಾರಕ್ಕೆ ಒಣಗಿತು.

ಗಂಡನ ಕೆಲಸ ಉಳಿಯಿತು. ಅಂಕಲ್ ಅದನ್ನು ಊರೆಲ್ಲ ಸಾರಿದರು.

ಒಂದು ಭಾನುವಾರ ಆಬರ್ನ್ ಹಿಲ್ಸ್‌ನಲ್ಲಿ ಹೊಸದಾಗಿ ಮನೆ ಕೊಂಡ ಹುಡುಗಿಯೊಬ್ಬಳ ಫೋನ್ ಬಂತು. ಗೃಹಪ್ರವೇಶಕ್ಕೆ ಹೋಗಿದ್ದಾಗ ಅವಳ ಹಿತ್ತಲ ಈಶಾನ್ಯದಲ್ಲಿದ್ದ ಹಿಕರಿಯನ್ನು ನಾನೇ ಬಾಯಿ ಬಿಟ್ಟುಕೊಂಡು ನೋಡಿದ್ದೆ. ತೊಗಟೆ ಪಟ್ಟಿಪಟ್ಟಿಯಾಗಿ ಎದ್ದ ಮುದಿ ಮರ. ಆ ತೊಗಟೆಯ ಸಂದಿನಲ್ಲಿ ಹಗಲೆಲ್ಲ ಬಾವಲಿಗಳ ನಿದ್ದೆ, ಕೆಳಗೆ ಕಾಯಿಗಾಗಿ ಅಳಿಲು, ಕಾಡು ಟರ್ಕಿಕೋಳಿಗಳ ಜಗಳ.

"ಆಂಟಿ, ಅಂಕಲ್ ನಿಮ್ಮನ್ನೇ ಕೇಳು ಅಂದ್ರು. ಗಿಡ ತೆಗೆದ್ಮೇಲೆ ಎಲ್ಲಾ ಸರಿಹೋಯ್ತಾ?"

ಎದುರಿಗೆ ಗಂಡ ಕಾಫಿ ಕುಡಿಯುತ್ತಿದ್ದರು. "ಇಲ್ಲ" ಅಂದರೆ ನನ್ನ ಗಿಡವನ್ನು ಸುಮ್ಮಸುಮ್ಮನೆ ಕೊಂದೆ ಎಂದು ಒಪ್ಪಿಕೊಳ್ಳಬೇಕಿತ್ತು. ಅಂಕಲ್‌ರನ್ನು ಮನಸಾರೆ ಹೀಗಳೆಯುವ ನನಗೆ ಅಷ್ಟು ಧೈರ್ಯವೂ ಇರಲಿಲ್ಲ.

"ಹೌದಮ್ಮ, ಇವರ ಕೆಲಸ ಉಳೀತು" ಅಂದೆ.

ಆ ಶನಿವಾರವೇ ಅವಳ ಮನೆಯವರು ಆ ಮುದಿ ಮರ ಕಡಿಸಿದರು. ಥ್ಯಾಂಕ್ಸ್ ಹೇಳಲು ಅವಳು ಮತ್ತೆ ಫೋನ್ ಮಾಡಿದಳು.